ರೈಲುಬಂಡಿಯ ಸಿಬ್ಬಂದಿ ಮತ್ತು ದುಡಿಮೆಯ ಕರಾರುಗಳು: ಒಂದು ವಿಮರ್ಶೆ

ಗಣೇಶಗುಡಿಯ ಹೆಸರು ಹೇಳಿದೊಡನೆ ಕಾಳಿ ನದಿಯೂ ಸೂಪಾ ಅಣೆಕಟ್ಟೂ ನೆನಪಿಗೆ ಬರುತ್ತವೆ. ಊರಿಗೆ ರೈಲುದಾರಿಯಿಲ್ಲ. ಆದುದರಿಂದ ಈ ಪ್ರದೇಶದ ಇತಿಹಾಸವನ್ನು ಬರೆಯುವವರು ಕಾಡು, ನೀರು ಮತ್ತು ವಿದ್ಯುತ್ತುಗಳ ಕಡೆಗೆ ಗಮನ ಕೊಟ್ಟಷ್ಟು ರೈಲ್ವೆಯ ಕಡೆಗೆ ಕೊಟ್ಟಿಲ್ಲ. ಆದರೆ ಇದೇ ಜೋಯಿಡಾ ತಾಲೂಕಿನ ಗಡಿಯಲ್ಲಿ ಕ್ಯಾಸಲ್‌ರಾಕ್ ಇದೆ. 1878ರ ಆಂಗ್ಲ-ಪೋರ್ತುಗೀಸ್ ಒಪ್ಪಂದದ ಫಲವಾಗಿ ಮುರಗಾಂವ ಬಂದರಿನಿಂದ ಹೊರಟ ರೈಲುದಾರಿ 1888ರಲ್ಲಿ ಘಟ್ಟವನ್ನೇರಿ ಇಲ್ಲಿ ಬ್ರಿಟಿಷ್ ಇಂಡಿಯಾದ ದಾರಿಯನ್ನು ಕೂಡಿಕೊಂಡಿತು. ಅಂದಿನಿಂದ ಹುಬ್ಬಳ್ಳಿಯ ಆಡಳಿತದ ಹೆಸರು ಹಲವು ಸಲ ಬದಲಾಯಿತು: ದಕ್ಷಿಣ ಮರಾಠಾ ರೈಲ್ವೆ, 1908ರಲ್ಲಿ ಮದ್ರಾಸ್ ಮತ್ತು ದಕ್ಷಿಣ ಮರಾಠಾ ರೈಲ್ವೆ, 1951ರಲ್ಲಿ ದಕ್ಷಿಣ ರೈಲ್ವೆ, ಆ ಮೇಲೆ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ನೈಋತ್ಯ ರೈಲ್ವೆ. ಬದಲಾಗದೆ ಉಳಿದುದು ಘಟ್ಟದ ಏರು ಮತ್ತು ಆ ಏರಿನಲ್ಲಿ ಬಂಡಿ ನಡೆಸುವವರ ಎಚ್ಚರ.

ಈ ಎಚ್ಚರಕ್ಕೆ ಬೆಲೆ ಕಟ್ಟಿದ ಕರಾರುಗಳನ್ನೂ ಕಾನೂನುಗಳನ್ನೂ ಗ್ರಂಥವೊಂದನ್ನು ಓದುವ ರೀತಿಯಲ್ಲಿ ಓದಿ ನೋಡುವುದು ಈ ಲೇಖನದ ಉದ್ದೇಶ. ಎಷ್ಟು ಗಂಟೆ ದುಡಿಯಬೇಕೆಂಬುದನ್ನು ಈ ಪತ್ರಗಳು ಮತ್ತೆ ಮತ್ತೆ ಹೇಳುತ್ತವೆ. ಆ ಗಂಟೆ ಯಾವ ಗಳಿಗೆಯಿಂದ ಆರಂಭವಾಗುತ್ತದೆ, ಆ ಹೊತ್ತಿನಲ್ಲಿ ಬಂಡಿಯ ಮೇಲೆ ಎಷ್ಟು ಜನರಿರಬೇಕು ಎಂಬ ಎರಡು ಪ್ರಶ್ನೆಗಳಿಗೆ ಮಾತ್ರ ಅವು ಸ್ಥಿರವಾದ ಉತ್ತರ ಕೊಡುವುದಿಲ್ಲ. ಕಾರ್ಮಿಕರು ಪಡೆದ ಲಾಭ ಮುಖ್ಯವಾಗಿ ಜಾರಿಹೋದುದು ಈ ಎರಡು ಸಂದುಗಳಲ್ಲಿ ಎಂಬುದು ನನ್ನ ವಾದ.

ಮೊದಲು ಕಾಲಕ್ರಮವನ್ನು ನೋಡೋಣ. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳ ನಿಯಮವನ್ನು ಸಾರಿತು. ಅದೇ ನಿರ್ಣಯದ ಹತ್ತನೆಯ ಕಲಮು ಭಾರತಕ್ಕೆ ಬೇರೆ ಅಳತೆಯನ್ನಿಟ್ಟಿತು: ಕಾರ್ಖಾನೆ, ಗಣಿ ಮತ್ತು ರೈಲ್ವೆಯ ಗೊತ್ತುಪಡಿಸಿದ ಶಾಖೆಗಳಲ್ಲಿ ವಾರಕ್ಕೆ 60 ಗಂಟೆ. 1930ರಲ್ಲಿ ರೈಲ್ವೆ ಕಾನೂನಿಗೆ ತಿದ್ದುಪಡಿಯಾಗಿ ದುಡಿಮೆಯ ವೇಳೆಯ ಪ್ರಕರಣ ಅದರೊಳಗೆ ಸೇರಿತು. ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ ದೇಶವ್ಯಾಪಿ ಮುಷ್ಕರದ ಭಯ ಹುಟ್ಟಿದಾಗ, ನ್ಯಾಯಮೂರ್ತಿ ರಾಜಾಧ್ಯಕ್ಷರು ಪಂಚರಾಗಿ ನೇಮಕಗೊಂಡರು. 1947ರಲ್ಲಿ ಹೊರಬಿದ್ದ ಅವರ ತೀರ್ಪು ಕೆಲಸಗಳನ್ನು ತೀವ್ರ, ನಿರಂತರ, ಮೂಲತಃ ಬಿಡುವುಳ್ಳ ಎಂದು ವಿಂಗಡಿಸಿ ವಾರಕ್ಕೆ ಕ್ರಮವಾಗಿ 45, 54, 75 ಗಂಟೆಗಳ ಮಿತಿಯನ್ನು ಹಾಕಿತು. 1969ರಲ್ಲಿ ರಚಿತವಾದ ನ್ಯಾಯಮೂರ್ತಿ ಮಿಯಾಭಾಯಿಯವರ ರೈಲ್ವೆ ಕಾರ್ಮಿಕ ನ್ಯಾಯಮಂಡಲಿ ಅದೇ ಚೌಕಟ್ಟನ್ನು ಮತ್ತೊಮ್ಮೆ ಪರಿಶೀಲಿಸಿತು. 1989ರ ರೈಲ್ವೆ ಕಾನೂನು ರಾಜಾಧ್ಯಕ್ಷರ ಮೂರು ಸಂಖ್ಯೆಗಳನ್ನೇ ಇಟ್ಟುಕೊಂಡಿತು. 2005ರ ನಿಯಮಗಳು ನಿರಂತರ ಕೆಲಸಕ್ಕೆ ವಾರಕ್ಕೆ 48 ಗಂಟೆಗಳ ಸಾಮಾನ್ಯ ಮಾನವನ್ನು ಗೊತ್ತುಮಾಡಿದವು.

ಈ ಪಟ್ಟಿಯನ್ನು ಮೇಲುನೋಟಕ್ಕೆ ಓದಿದವರಿಗೆ ಇದೊಂದು ಸತತವಾದ ಪ್ರಗತಿಯ ಕಥೆಯಂತೆ ತೋರುತ್ತದೆ. ಪ್ರಗತಿಯಾಗಿಲ್ಲವೆಂದು ಹೇಳುವುದು ಅನ್ಯಾಯ. ಆದರೆ ಕಾನೂನಿನ ಶಬ್ದಗಳನ್ನು ನಿಂತು ಗಮನಿಸಬೇಕು. ‘ಬಿಡುವುಳ್ಳ ಕೆಲಸ’ ಎಂದರೇನು? ಕೆಲಸದ ಮೇಲಿದ್ದರೂ ಶರೀರಶ್ರಮವಾಗಲಿ ಸತತವಾದ ಲಕ್ಷ್ಯವಾಗಲಿ ಬೇಕಾಗದ ಹೊತ್ತು ಅರ್ಧಕ್ಕಿಂತ ಕಡಿಮೆಯಿಲ್ಲದಿದ್ದರೆ ಅದು ಬಿಡುವುಳ್ಳ ಕೆಲಸವೆಂಬುದು 1989ರ ಕಾನೂನಿನ ವ್ಯಾಖ್ಯೆಯ ತಿರುಳು. ಬಂಡಿ ನಡೆಸುವವರನ್ನು ಈ ವರ್ಗಕ್ಕೆ ಸೇರಿಸಿಲ್ಲ, ನಿಜ. ಅವರದು ನಿರಂತರ ಕೆಲಸವೆಂದೇ ಗಣನೆ. ಆದರೆ ನಿಂತ ಬಂಡಿಯಲ್ಲಿ ಕುಳಿತವನು ವಿಶ್ರಮಿಸುತ್ತಿದ್ದಾನೆಂಬ ಭಾವನೆ ವ್ಯಾಖ್ಯೆಯಿಂದಾಚೆಗೂ ಹರಡಿಕೊಂಡಿದೆ. ಕೆಂಪು ಸಿಗ್ನಲಿನ ಮುಂದೆ, ಇಳಿಜಾರಿನಲ್ಲಿ, ಭಾರದ ಬಂಡಿಯನ್ನು ಬ್ರೇಕಿನ ಮೇಲೆ ಹಿಡಿದು ನಿಂತ ಚಾಲಕನಿಗೆ ಬೇಕಾದುದು ಲಕ್ಷ್ಯವಲ್ಲದೆ ಮತ್ತೇನು?

ಕ್ಯಾಸಲ್‌ರಾಕ್‌ನ ಉದಾಹರಣೆ ಇಲ್ಲಿ ಉಪಯುಕ್ತ. ಇಲ್ಲಿಂದ ಕ್ಯಾರನ್‌ಜೋಲ್, ದೂಧಸಾಗರ, ಸೋನಾಲಿಂಗಳ ಮೂಲಕ ಕುಳೆಯವರೆಗಿನ ಘಟ್ಟದ ಅಂತರ ಸುಮಾರು 26 ಕಿಲೋಮೀಟರು. ಏರು 37 ಅಡಿಗೆ ಒಂದು ಅಡಿ. ಭಾರದ ಬಂಡಿಗೆ ಮುಂದಿನ ಎಂಜಿನು ಸಾಲದೆ ಹಿಂದೆ ನೂಕುವ ಎಂಜಿನುಗಳನ್ನು ಕಟ್ಟುತ್ತಾರೆ. ಅವುಗಳಿಗೂ ಚಾಲಕರು ಬೇಕು. ದಾರಿ ಒಂದೇ ಜೋಡಿ ಹಳಿಯದಾದುದರಿಂದ ಎದುರು ಬಂಡಿಗಾಗಿ ಕಾಯುವುದು ತಪ್ಪುವುದಿಲ್ಲ. ಈ ಘಟ್ಟದಲ್ಲಿ ಎರಡನೆಯ ಹಳಿ ಹಾಕುವ ಯೋಜನೆಗೆ ದೊರೆತಿದ್ದ ವನ್ಯಜೀವಿ ಮಂಡಲಿಯ ಅನುಮತಿಯನ್ನು ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ರದ್ದುಗೊಳಿಸಿತು. ಕಾಡಿನ ದೃಷ್ಟಿಯಿಂದ ಆ ನಿರ್ಣಯಕ್ಕೆ ಬಲವಾದ ಕಾರಣಗಳಿವೆ. ಅದೇ ವೇಳೆಗೆ, ಕಾಯುವ ಹೊತ್ತು ಉಳಿಯಿತೆಂಬುದನ್ನೂ ಮರೆಯಬಾರದು. ಹೀಗೆ ಅಂತರ ಕಡಿಮೆ, ಹೊತ್ತು ಹೆಚ್ಚು, ಎಚ್ಚರ ಅದಕ್ಕಿಂತ ಹೆಚ್ಚು. ಬಯಲುಸೀಮೆಯ ದಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕರಾರು ಇಂಥ ಕಡೆ ಎಷ್ಟು ಹೊಂದುತ್ತದೆಂಬುದೇ ಅದರ ಪರೀಕ್ಷೆ.

ಈಗ ಗಂಟೆಯ ಆರಂಭದ ಪ್ರಶ್ನೆಗೆ ಬರೋಣ. ಚಾಲಕನ ದಿನ ಬಂಡಿ ಹೊರಟಾಗ ಆರಂಭವಾಗುವುದಿಲ್ಲ. ಅವನು ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕು, ದಾರಿಯ ಎಚ್ಚರಿಕೆಯ ಸೂಚನೆಗಳನ್ನು ಓದಿಕೊಳ್ಳಬೇಕು, ಎಂಜಿನನ್ನು ಪರೀಕ್ಷಿಸಬೇಕು, ದಾರಿ ತೆರವಾಗುವವರೆಗೆ ಕಾಯಬೇಕು. ಕೊನೆಗೆ ಬಂಡಿಯನ್ನೊಪ್ಪಿಸಿ ಮತ್ತೆ ಸಹಿ ಹಾಕಿದ ಮೇಲೆ ಅವನ ದಿನ ಮುಗಿಯುತ್ತದೆ. 1973ರಲ್ಲಿ ಎಂಜಿನ್ ಸಿಬ್ಬಂದಿಯವರು ಮುಷ್ಕರ ಹೂಡಿದಾಗ, ಆಗಸ್ಟ್ ತಿಂಗಳಲ್ಲಿ ರೈಲ್ವೆ ಮಂತ್ರಿ ಲಲಿತ ನಾರಾಯಣ ಮಿಶ್ರರು ಒಪ್ಪಿದ ಮುಖ್ಯ ವಿಷಯ ಇದೇ: ಸಹಿಯಿಂದ ಸಹಿಯವರೆಗೆ 10 ಗಂಟೆ. ಈ ಒಪ್ಪಂದದ ಗುಣ ಹತ್ತೆಂಬ ಸಂಖ್ಯೆಯಲ್ಲಿರುವುದಕ್ಕಿಂತ ಹೆಚ್ಚಾಗಿ ‘ಸಹಿಯಿಂದ ಸಹಿಯವರೆಗೆ’ ಎಂಬ ಮಾತಿನಲ್ಲಿದೆ. ಕಾಯುವುದೂ ದುಡಿಮೆಯೇ ಎಂದು ಅದು ಒಪ್ಪಿಕೊಂಡಿತು.

ಆದರೆ ಅದರ ದೋಷವೂ ಸ್ಪಷ್ಟವಾಗಿದೆ. ಆ ಮಾತು ಕಾನೂನಿನ ಕಲಮಾಗಲಿಲ್ಲ. ಹಂತಹಂತವಾಗಿ ಜಾರಿಗೆ ಬರಬೇಕಾದ ಭರವಸೆಯಾಗಿ ಉಳಿಯಿತು. ಅದು ಪೂರ್ಣವಾಗಿ ನಡೆಯಲಿಲ್ಲವೆಂಬ ಅಸಮಾಧಾನವು 1974ರ ಮೇ 8ರಿಂದ 27ರವರೆಗೆ ನಡೆದ ಮಹಾಮುಷ್ಕರದ ಕಾರಣಗಳಲ್ಲಿ ಒಂದು. ನಮ್ಮ ಪಠ್ಯಗಳಲ್ಲಿ ಆ ಮುಷ್ಕರವು ಮಂಗಳೂರಿನ ಜಾರ್ಜ್ ಫರ್ನಾಂಡಿಸರ ನಾಯಕತ್ವದ ಕಥೆಯಾಗಿ, 1975ರ ತುರ್ತುಪರಿಸ್ಥಿತಿಯ ಪೀಠಿಕೆಯಾಗಿ ಬರುತ್ತದೆ. ಎರಡೂ ಸತ್ಯವೇ. ಆದರೆ ಇಂಥ ವಿವರಣೆಯಲ್ಲಿ ಬೇಡಿಕೆಯೇ ಕಣ್ಮರೆಯಾಗುತ್ತದೆ. ಬೋನಸ್ಸು, ವೇತನಗಳ ಜೊತೆಗೆ ಎಂಟು ಗಂಟೆಯ ದಿನವೂ ಅವರ ಬೇಡಿಕೆಯಾಗಿತ್ತು. ಅದು ವಾಷಿಂಗ್ಟನ್ ಸಮ್ಮೇಳನ 55 ವರ್ಷಗಳ ಹಿಂದೆ ಉಳಿದ ಲೋಕಕ್ಕೆ ಸಾರಿ ಭಾರತಕ್ಕೆ ಸಡಿಲಿಸಿದ್ದ ಮಾತೆಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು.

2016ರಲ್ಲಿ ರೈಲ್ವೆ ಮಂಡಲಿ ಹೊರಡಿಸಿದ ಆದೇಶವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಓಡಾಟದ ದುಡಿಮೆ ಸಾಮಾನ್ಯವಾಗಿ 9 ಗಂಟೆ, ಅದನ್ನು ಲಂಬಿಸಬಹುದು, ಆದರೆ ಸಹಿ ಹಾಕಿದಂದಿನಿಂದ ಒಟ್ಟು 11 ಗಂಟೆ ಮೀರಬಾರದು. ಒಂಬತ್ತು ಹತ್ತಕ್ಕಿಂತ ಕಡಿಮೆ. ಆದರೆ ಆ ಒಂಬತ್ತು ಬಂಡಿ ಹೊರಟ ಗಳಿಗೆಯಿಂದ ಎಣಿಸಿದುದು. ಸಹಿಯಿಂದ ಎಣಿಸಿದರೆ 1973ರ ಹತ್ತು ಹನ್ನೊಂದಾಗಿದೆ. ಗಡಿಯಾರದ ಮುಳ್ಳನ್ನು ಮುಟ್ಟದೆ ಅದರ ಆರಂಭದ ಗುರುತನ್ನು ಸರಿಸಿದಂತಾಯಿತು. ವಿಶ್ರಾಂತಿಯ ಕಲಮಿನಲ್ಲಿಯೂ ಇಂಥದೇ ಸಡಿಲಿಕೆಯಿದೆ. ಇತರ ನಿರಂತರ ನೌಕರರಿಗೆ ಪ್ರತಿ ವಾರ 30 ಗಂಟೆಗಳ ಬಿಡುವು. ಬಂಡಿ ನಡೆಸುವವರಿಗೆ ತಿಂಗಳಿಗೆ 30 ಗಂಟೆಗಳ ನಾಲ್ಕು ಬಿಡುವು, ಇಲ್ಲವೆ 22 ಗಂಟೆಗಳ ಐದು ಬಿಡುವು. ವಾರದ 54 ಗಂಟೆಗಳೂ 14 ದಿನಗಳ ಸರಾಸರಿ. ನಿದ್ರೆಯಿಲ್ಲದ ಒಂದು ರಾತ್ರಿಯ ದಣಿವು ಹದಿನಾಲ್ಕು ದಿನಗಳಲ್ಲಿ ಹಂಚಿಹೋಗುವುದಿಲ್ಲ.

ಎರಡನೆಯ ಪ್ರಶ್ನೆ ಜನಸಂಖ್ಯೆಯದು. ಉಗಿ ಎಂಜಿನಿನ ಕಾಲದಲ್ಲಿ ಒಬ್ಬ ಚಾಲಕ, ಇಬ್ಬರು ಫೈರ್‌ಮನ್ನರು, ಹಿಂದೆ ಬ್ರೇಕ್ ಬಂಡಿಯಲ್ಲಿ ಗಾರ್ಡು ಇರುವುದು ವಾಡಿಕೆ. ಡೀಸೆಲ್ ಬಂದಾಗ ಇಬ್ಬರು ಫೈರ್‌ಮನ್ನರ ಸ್ಥಾನದಲ್ಲಿ ಒಬ್ಬ ಸಹಾಯಕನುಳಿದನು. ಈಚಿನ ವರ್ಷಗಳಲ್ಲಿ ಬಂಡಿಯ ಕೊನೆಗೆ ಯಂತ್ರವೊಂದನ್ನು ಜೋಡಿಸಿ ಗಾರ್ಡಿಲ್ಲದೆ ಸರಕುಬಂಡಿ ನಡೆಸುವ ಪ್ರಯೋಗವೂ ನಡೆದಿದೆ. 2022ರಲ್ಲಿ ಗಾರ್ಡಿಗೆ ‘ಟ್ರೇನ್ ಮ್ಯಾನೇಜರ್’ ಎಂಬ ಹೆಸರು ಬಂದಿತು. ಅಮೆರಿಕದಲ್ಲಿ ಇದೇ ಬದಲಾವಣೆ ದೊಡ್ಡ ವ್ಯಾಜ್ಯವಾಯಿತು. ಡೀಸೆಲ್ ಎಂಜಿನಿಗೆ ಫೈರ್‌ಮನ್ ಬೇಕೇ ಎಂಬ ಪ್ರಶ್ನೆಯನ್ನು ಬಿಡಿಸಲು 1963ರಲ್ಲಿ ಅಲ್ಲಿನ ಕಾಂಗ್ರೆಸ್ಸು ಕಡ್ಡಾಯ ಪಂಚಾಯಿತಿಯ ಕಾನೂನನ್ನು ಮಾಡಬೇಕಾಯಿತು. 2024ರಲ್ಲಿ ಅಲ್ಲಿನ ಸರಕಾರ ಸಾಮಾನ್ಯವಾಗಿ ಬಂಡಿಗೆ ಇಬ್ಬರಾದರೂ ಇರಬೇಕೆಂಬ ನಿಯಮವನ್ನು ಹೊರಡಿಸಿತು. ಅಲ್ಲಿ ಕಾರ್ಮಿಕರು ಒಮ್ಮೆ ಸೋತರು, ಒಮ್ಮೆ ಗೆದ್ದರು; ಆದರೆ ಪ್ರಶ್ನೆ ಬಹಿರಂಗವಾಗಿ ಚರ್ಚೆಗೆ ಬಂದಿತು. ನಮ್ಮಲ್ಲಿ ಮೇಲೆ ಹೇಳಿದ 1989ರ ಕಾನೂನಿನ ಪ್ರಕರಣ ಗಂಟೆಯನ್ನೂ ಬಿಡುವನ್ನೂ ಹೇಳುತ್ತದೆ, ತಲೆಗಳನ್ನು ಎಣಿಸುವುದಿಲ್ಲ. ಅದು ಆಡಳಿತದ ವಿವೇಚನೆಗೆ ಬಿಟ್ಟ ಮಾತು.

ಆಡಳಿತದ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿವೆ. ಕಲ್ಲಿದ್ದಲು ತುಂಬುವ ಕೆಲಸವೇ ಇಲ್ಲದಾಗ ಅದಕ್ಕಾಗಿ ಇಬ್ಬರನ್ನು ಉಳಿಸಿಕೊಳ್ಳಲಾಗದು. ಘಟ್ಟದ ನಡುವೆ ಗಂಟೆ ಮುಗಿಯಿತೆಂದು ಬಂಡಿಯನ್ನು ಬಿಟ್ಟಿಳಿಯುವುದೂ ಸಾಧ್ಯವಿಲ್ಲ. ಬದಲಿ ವ್ಯವಸ್ಥೆಯಾಗಿದ್ದಲ್ಲಿ ಬದಲಿ ಬರುವವರೆಗೆ ನೌಕರನು ಕೆಲಸದ ಮೇಲೇ ಇರಬೇಕೆಂದು ಕಾನೂನಿನ 134ನೆಯ ಕಲಮು ವಿಧಿಸುತ್ತದೆ. ಇದು ಯುಕ್ತವೇ. ಆದರೆ ಈ ಕರ್ತವ್ಯ ಕಾನೂನಿನಲ್ಲಿದ್ದು, ಇದಕ್ಕೆ ಪ್ರತಿಯಾದ ಹತ್ತು ಗಂಟೆಯ ಮಾತು ಕೇವಲ ಭರವಸೆಯಲ್ಲಿದ್ದರೆ ತಕ್ಕಡಿ ಸಮನಾಗುವುದಿಲ್ಲ. ಜನ ಕಡಿಮೆಯಾದಷ್ಟೂ ಉಳಿದವರ ಲಕ್ಷ್ಯದ ಭಾರ ಹೆಚ್ಚುತ್ತದೆ. ಆದುದರಿಂದ ಗಂಟೆ ಮತ್ತು ಸಂಖ್ಯೆಗಳನ್ನು ಒಂದೇ ಕರಾರಿನಲ್ಲಿ, ಒಂದನ್ನಿನ್ನೊಂದಕ್ಕೆ ಕಟ್ಟಿ ಬರೆಯಬೇಕಾಗಿತ್ತು. ಕಾರ್ಮಿಕ ಸಂಘಗಳೂ ಈ ಕೆಲಸವನ್ನು ಮಾಡಿಸಲಿಲ್ಲ. ಚಾಲಕರದೊಂದು ಸಂಘ, ಗಾರ್ಡುಗಳದೊಂದು ಸಂಘ, ಮಾನ್ಯತೆ ಪಡೆದ ಒಕ್ಕೂಟಗಳು ಬೇರೆ. ಇಡೀ ಬಂಡಿಯ ಪರವಾಗಿ ಮಾತನಾಡುವವರು ವಿರಳ.

ಇತಿಹಾಸದ ಅಧ್ಯಾಪಕರೂ ವಿದ್ಯಾರ್ಥಿಗಳೂ ಇಲ್ಲಿ ಮಾಡಬಹುದಾದ ಕೆಲಸವಿದೆ. ಮುಷ್ಕರದ ದಿನಗಳನ್ನೂ ಸೆರೆಯಾದವರ ಸಂಖ್ಯೆಯನ್ನೂ ಬರೆದರೆ ಸಾಲದು. ಪ್ರತಿಯೊಂದು ಕರಾರನ್ನೂ ಓದುವಾಗ ಮೂರು ಮಾತುಗಳನ್ನು ಕೇಳಬೇಕು: ಗಂಟೆ ಎಲ್ಲಿಂದ ಎಲ್ಲಿಗೆ? ಬಂಡಿಯ ಮೇಲೆ ಎಷ್ಟು ಜನ? ಮಾತು ತಪ್ಪಿದರೆ ಕೇಳುವವರು ಯಾರು? ಕ್ಯಾಸಲ್‌ರಾಕ್‌ನಂತಹ ಘಟ್ಟದ ನಿಲ್ದಾಣದಲ್ಲಿ ಈ ಮೂರಕ್ಕೂ ಉತ್ತರ ಕೊಡಬಲ್ಲ ಕರಾರು ದೇಶದ ಯಾವ ದಾರಿಯಲ್ಲಿಯೂ ನಿಲ್ಲುತ್ತದೆ. ಇಲ್ಲಿ ಉತ್ತರ ಕೊಡಲಾರದ ಕರಾರನ್ನು, ಅದರ ಅಂಕೆ ಎಷ್ಟೇ ಚಿಕ್ಕದಾಗಿರಲಿ, ಸುಧಾರಣೆಯೆಂದು ಕರೆಯುವ ಮೊದಲು ನಾವು ಇನ್ನೊಮ್ಮೆ ಓದಬೇಕು.