ವ್ಯಾಪಾರದ ಷರತ್ತು, ಶ್ರಮಿಕರ ಘನತೆ

ಮುಕ್ತ ವ್ಯಾಪಾರ ಒಪ್ಪಂದಗಳಲ್ಲಿ ಕಾರ್ಮಿಕರ ಹಕ್ಕುಗಳಿಗೆ ಪ್ರತ್ಯೇಕ ಅಧ್ಯಾಯವಿರುವುದನ್ನು ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಬಲ್ಲವರು ಸಹಜವಾಗಿಯೇ ಸ್ವಾಗತಿಸುತ್ತಾರೆ. ಆದರೆ ಅಧ್ಯಾಯವಿದ್ದ ಮಾತ್ರಕ್ಕೆ ನ್ಯಾಯ ದೊರೆಯದು. ಅದರ ಪದಗಳನ್ನು ನಾವು ಪರೀಕ್ಷಿಸಬೇಕಾಗಿದೆ. ಮಧ್ಯ ಅಮೆರಿಕದ ರಾಷ್ಟ್ರಗಳೊಡನೆ ಮಾಡಿಕೊಂಡ ಒಪ್ಪಂದದ ಅಡಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಗ್ವಾಟೆಮಾಲದ ವಿರುದ್ಧ ಹೂಡಿದ ವ್ಯಾಜ್ಯವು ಇದಕ್ಕೆ ನಿದರ್ಶನ.

2008ರಲ್ಲಿ ಉಭಯ ದೇಶಗಳ ಕಾರ್ಮಿಕ ಸಂಘಟನೆಗಳು ನೀಡಿದ ದೂರಿನಿಂದ ಮೊದಲಾದ ಈ ವ್ಯಾಜ್ಯದ ತೀರ್ಪು ಹೊರಬಿದ್ದುದು 2017ರಲ್ಲಿ. ವಜಾಗೊಂಡವರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು ಗ್ವಾಟೆಮಾಲದ ನ್ಯಾಯಾಲಯಗಳೇ ಆದೇಶಿಸಿದ್ದವು. ಎಂಟು ಕಾರ್ಯಸ್ಥಳಗಳ 74 ಕಾರ್ಮಿಕರ ವಿಷಯದಲ್ಲಿ ಸರ್ಕಾರವು ನ್ಯಾಯಾಲಯದ ಆದೇಶಗಳನ್ನು ಜಾರಿಗೊಳಿಸಲಿಲ್ಲವೆಂದು ತೀರ್ಪುಗಾರರ ಮಂಡಳಿ ಒಪ್ಪಿತು. ಆದರೂ ಗ್ವಾಟೆಮಾಲವೇ ಗೆದ್ದಿತು. ವೈಫಲ್ಯವು ನಿರಂತರವಾಗಿಯೋ ಪದೇ ಪದೇ ನಡೆದುದಾಗಿಯೋ ಇರಬೇಕು, ಜೊತೆಗೆ ಅದು ದೇಶಗಳ ನಡುವಣ ವ್ಯಾಪಾರದ ಮೇಲೆ ಪರಿಣಾಮ ಬೀರುವಂತಿರಬೇಕು ಎಂಬುದು ಒಪ್ಪಂದದ ಷರತ್ತು. ಮಾಲೀಕರಿಗೆ ಸ್ಪರ್ಧೆಯಲ್ಲಿ ಅನುಕೂಲವಾದುದು ಸಾಬೀತಾಗಬೇಕೆಂದು ಮಂಡಳಿ ಅದನ್ನು ಅರ್ಥೈಸಿತು. ಅದು ಒಂದು ಉದ್ಯಮದ ಮಟ್ಟಿಗೆ ಮಾತ್ರ ಸಾಬೀತಾಯಿತು.

ಮಂಡಳಿಯ ವ್ಯಾಖ್ಯಾನ ಸಂಕುಚಿತವೆಂಬ ಟೀಕೆಯಿದೆ. ಆದರೆ ಮೂಲದೋಷವಿರುವುದು ಷರತ್ತಿನಲ್ಲಿಯೇ ಎಂಬುದು ನಮ್ಮ ಅಭಿಮತ. ಅದರ ದೃಷ್ಟಿಯಲ್ಲಿ ಅನ್ಯಾಯಕ್ಕೆ ಒಳಗಾದವರು ಕಾರ್ಮಿಕರಲ್ಲ, ಪ್ರತಿಸ್ಪರ್ಧಿ ವ್ಯಾಪಾರಿಗಳು. ಬಂಡವಾಳಕ್ಕಿಂತ ಶ್ರಮಕ್ಕೆ ಆದ್ಯತೆಯಿದೆಯೆಂದು ಪೋಪ್ ಎರಡನೆಯ ಜಾನ್ ಪಾಲ್ ಅವರು 1981ರ 'ಲಬೋರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ಬೋಧಿಸಿದರು. ಷರತ್ತು ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ. ತಡೆಹಿಡಿದ ಕೂಲಿಯ ಮೊರೆಯನ್ನು ಕುರಿತು ಹೇಳುವ ಸಂತ ಯಕೋಬರ ಪತ್ರವು, ಆ ಫಸಲು ಯಾವ ಮಾರುಕಟ್ಟೆಗೆ ಹೋಯಿತೆಂದು ವಿಚಾರಿಸುವುದಿಲ್ಲ.

ವ್ಯಾಪಾರದ ಒಪ್ಪಂದವು ವ್ಯಾಪಾರವನ್ನಷ್ಟೇ ನೋಡಬೇಕಲ್ಲವೇ ಎಂಬ ಆಕ್ಷೇಪಣೆ ಏಳಬಹುದು. ಯುರೋಪಿಯನ್ ಒಕ್ಕೂಟ ಮತ್ತು ದಕ್ಷಿಣ ಕೊರಿಯಾ ನಡುವಣ ವ್ಯಾಜ್ಯದಲ್ಲಿ 2021ರ ಪರಿಣತರ ಮಂಡಳಿಯು ಈ ವಾದವನ್ನು ತಳ್ಳಿಹಾಕಿತು; ಸಂಘಟನೆಯ ಸ್ವಾತಂತ್ರ್ಯವನ್ನು ಗೌರವಿಸುವ ಹೊಣೆಗೆ ವ್ಯಾಪಾರದ ಮೇಲಣ ಪರಿಣಾಮದ ಪುರಾವೆ ಬೇಕಿಲ್ಲವೆಂದಿತು. ಆದರೆ ಅಲ್ಲಿ ಶಿಫಾರಸು ಮಾಡಲು ಮಾತ್ರ ಅವಕಾಶವಿತ್ತು, ದಂಡನೆಗೆ ಇರಲಿಲ್ಲ. 2020ರಲ್ಲಿ ಜಾರಿಗೆ ಬಂದ ಅಮೆರಿಕ–ಮೆಕ್ಸಿಕೊ–ಕೆನಡಾ ಒಪ್ಪಂದವಾದರೋ ಷರತ್ತನ್ನು ಉಳಿಸಿಕೊಂಡೇ ಪುರಾವೆಯ ಭಾರವನ್ನು ಪ್ರತಿವಾದಿಯ ಮೇಲೆ ಹೊರಿಸಿತು. ಇದು ಸುಧಾರಣೆಯೇ ಸರಿ. ಆದರೆ ಅಳತೆಗೋಲು ಈಗಲೂ ವ್ಯಾಪಾರವೇ.

ಆದಕಾರಣ ಇಂತಹ ಅಧ್ಯಾಯಗಳನ್ನು ಓದುವಾಗ ನಾವು ಎರಡು ಪ್ರಶ್ನೆಗಳನ್ನು ಕೇಳಬೇಕು: ಇಲ್ಲಿ ಯಾರ ನಷ್ಟವನ್ನು ಅನ್ಯಾಯವೆಂದು ಎಣಿಸಲಾಗಿದೆ? ಅದನ್ನು ರುಜುವಾತುಪಡಿಸುವ ಹೊಣೆ ಯಾರದು? ಮೇ 1ರಂದು ಶ್ರಮಿಕರಾದ ಸಂತ ಜೋಸೆಫರ ಸ್ಮರಣೆಯಲ್ಲಿ ಶ್ರಮದ ಘನತೆಯನ್ನು ಬೋಧಿಸುವವರಿಗೆ ಈ ಪ್ರಶ್ನೆಗಳು ಹೊರಗಿನವಲ್ಲ.