ನಮ್ಮ ಪಾಕಗ್ರಂಥಗಳೂ ಅಡವಿಯ ಆಹಾರವೂ

ಕನ್ನಡದಲ್ಲಿ ಪಾಕಶಾಸ್ತ್ರವು ಬಡವಾಗಿದೆಯೆಂದು ಯಾರೂ ಹೇಳಲಾರರು. ಸುಮಾರು 1025ರಲ್ಲಿ ಚಾವುಂಡರಾಯನು ತನ್ನ ಲೋಕೋಪಕಾರದಲ್ಲಿ ಮಳೆ, ನೆಲದಡಿಯ ನೀರು, ಗಿಡಮರಗಳ ಆರೈಕೆ ಮೊದಲಾದವುಗಳ ಜೊತೆಗೆ ಅಡುಗೆಗೂ ಎಡೆಗೊಟ್ಟಿದ್ದಾನೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನು ಬರೆದನು. ಒಲೆಯ ಮುಂದಿನ ಕೆಲಸವನ್ನು ಷಟ್ಪದಿಗೆ ಒಗ್ಗಿಸಿದ ಈ ಕವಿಯ ಧೈರ್ಯವನ್ನು ನಮ್ಮ ವಿಮರ್ಶಕರು ಮೆಚ್ಚಿರುವುದು ನ್ಯಾಯವೇ ಸರಿ. ಆದರೆ ಮೆಚ್ಚಿಗೆಯ ಭರದಲ್ಲಿ ಒಂದು ಪ್ರಶ್ನೆಯನ್ನು ಕೇಳದೆ ಬಿಟ್ಟಿದ್ದೇವೆ. ಇದು ಯಾರ ಅಡುಗೆ?

ಮಂಗರಸನು ಕಲ್ಲಹಳ್ಳಿಯ ಅರಸು ಮನೆತನದವನು, ಜೈನನು. ಅವನ ಆರು ಅಧ್ಯಾಯಗಳಲ್ಲಿ ಭಕ್ಷ್ಯಗಳಿವೆ, ಪಾನಕಗಳಿವೆ, ಅನ್ನದ ಬಗೆಗಳಿವೆ. ಬದನೆ, ಬಾಳೆ, ಹಲಸುಗಳಿವೆ. ಕೊನೆಗೆ ಕಳಲೆಯೂ ನೆಲ್ಲಿಯೂ ಬರುತ್ತವೆ. ಕಳಲೆಯೊಂದೇ ಅಡವಿಯ ಕಡೆಗೆ ತೆರೆದ ಬಾಗಿಲು. ಆ ಬಾಗಿಲಿನಿಂದ ಅಣಬೆ ಒಳಗೆ ಬರಲಿಲ್ಲ. ಬರಲಾರದು ಕೂಡ. ಜೈನರ ಆಹಾರನಿಯಮ ಅದನ್ನು ಒಲ್ಲದು. ಇತ್ತ ಮನುಸ್ಮೃತಿಯ ಐದನೆಯ ಅಧ್ಯಾಯವೂ ಬೆಳ್ಳುಳ್ಳಿ, ನೀರುಳ್ಳಿಗಳ ಸಾಲಿನಲ್ಲಿ ಅಣಬೆಯನ್ನಿಟ್ಟು ದ್ವಿಜರಿಗೆ ಅಭಕ್ಷ್ಯವೆಂದಿದೆ. ಬರೆಯಬಲ್ಲವರು ತಿನ್ನುತ್ತಿರಲಿಲ್ಲ, ತಿನ್ನುವವರು ಬರೆಯುತ್ತಿರಲಿಲ್ಲ. ಇದು ಕವಿಯ ದೋಷವೆಂದು ನಾವು ಹೇಳುತ್ತಿಲ್ಲ. ಒಂದು ಮನೆತನದ ಪಾಕವನ್ನು ಕನ್ನಡ ನಾಡಿನ ಪಾಕವೆಂದು ಪಾಠ ಹೇಳುವ ನಮ್ಮ ರೂಢಿಯೇ ದೋಷವುಳ್ಳದ್ದು.

ಇನ್ನು ನಿಘಂಟುಗಳ ಮಾತು. 1894ರಲ್ಲಿ ಹೊರಬಂದ ಕಿಟ್ಟೆಲರ ಕೋಶವು ಗಿಡಮರಗಳ ಹೆಸರುಗಳಿಗೆ ಹಲವೆಡೆ ಸಸ್ಯಶಾಸ್ತ್ರದ ನಾಮವನ್ನೂ ಕೊಡುತ್ತದೆ. ಆ ಕಾಲಕ್ಕೆ ಅದು ಅಪಾರವಾದ ಶ್ರಮ. ಅಣಬೆಯ ಬಳಿಗೆ ಬಂದಾಗ ಮಾತ್ರ ಇಂಗ್ಲಿಷಿನ ಒಂದು ಸಾಮಾನ್ಯ ಶಬ್ದದಿಂದ ಕೆಲಸ ಮುಗಿಯುತ್ತದೆ. ನಮ್ಮ ಕಾಸರಗೋಡು ಸೀಮೆಯ ಮನೆಗಳಲ್ಲಿ ಬರಿಯ ‘ಅಣಬೆ’ ಎಂಬುದು ಹೆಸರೇ ಅಲ್ಲ. ಯಾವ ಅಣಬೆ ಎಂದು ಕೇಳಿದ ಮೇಲೆಯೇ ಮಾತು ಮುಂದುವರಿಯುವುದು. ಹುತ್ತದ ಅಣಬೆ ಬೇರೆ, ಮರದ ಅಣಬೆ ಬೇರೆ, ಕಲ್ಲಣಬೆ ಬೇರೆ. ಈ ಮುಂಪದಗಳು ಅಲಂಕಾರಕ್ಕಾಗಿ ಬಂದವಲ್ಲ. ಎಲ್ಲಿ ಹುಡುಕಬೇಕು, ಯಾವುದನ್ನು ಮುಟ್ಟಬಾರದು ಎಂಬ ತಿಳಿವಳಿಕೆಯೆಲ್ಲ ಅವುಗಳಲ್ಲಿಯೇ ಇದೆ.

ಕಲ್ಲಣಬೆಯನ್ನೇ ನೋಡೋಣ. ತುಳುವರ ಕಲ್ಲಲಾಂಬು ಇದೇ. ಮೊದಲ ಮಳೆಗೆ ಮುರಕಲ್ಲಿನ ಗುಡ್ಡದಲ್ಲಿ, ಮಣ್ಣಿನ ಮೇಲ್ಪದರದಲ್ಲಿ ಗೋಲಿಯಂತೆ ಹುದುಗಿರುತ್ತದೆ. ಕೊಡೆಯಿಲ್ಲ, ಕಾಲಿಲ್ಲ. ಕೆಲವು ಮರಗಳ ಬೇರಿಗೆ ಹೊಂದಿಕೊಂಡು ಬದುಕುವಂಥದಾದ್ದರಿಂದ ಮರ ಕಡಿದಲ್ಲಿ ಅದೂ ಇಲ್ಲವಾಗುತ್ತದೆ. ಮಣ್ಣು ಹೋಗುವ ತನಕ ತಿಕ್ಕಿ ತೊಳೆದು, ಒಂದೊಂದನ್ನೇ ಒಡೆದು ನೋಡಿ, ಒಳಗು ಬೆಳ್ಳಗಿದ್ದರೆ ಮಾತ್ರ ಪಾತ್ರೆಗೆ ಹಾಕುವರು, ಕಪ್ಪಾಗಿದ್ದರೆ ಎಸೆಯುವರು. ಒಡೆದು ನೋಡುವ ಈ ಕ್ರಮವು ಪಾಕವಿಧಿಯ ಅಂಗವೇ ಹೊರತು ಹೆಚ್ಚಿನ ಎಚ್ಚರಿಕೆಯಲ್ಲ. ಹಾಗೆಂದು ಬಣ್ಣವೊಂದನ್ನೇ ನಂಬುವಂತಿಲ್ಲ: ಹೋಲಿಕೆಯ ಬೇರೆ ಉಂಡೆಯಣಬೆಗಳಲ್ಲಿ ವಿಷವುಳ್ಳವೂ ಇವೆ, ಎಳೆಯದರಲ್ಲಿ ಅವುಗಳ ಒಳಗೂ ಬೆಳ್ಳಗಿರಬಹುದು.

ಹುತ್ತದ ಅಣಬೆಯ ಕಥೆ ಇನ್ನೂ ಸೊಗಸಾಗಿದೆ. ಗೆದ್ದಲುಗಳು ನೆಲದೊಳಗೆ ಸಾಕುವ ಬೂಜಿನ ತೋಟದಿಂದ ಅದು ಮೇಲೇಳುತ್ತದೆ. ಬೇರಿನಂಥ ಅದರ ಬುಡ ಆ ತೋಟದ ತನಕ ಇಳಿದಿರುತ್ತದೆ. 1942ರಲ್ಲಿ ಫ್ರೆಂಚ್ ವಿದ್ವಾಂಸ ರೋಜೆ ಎಯಿಮ್ ಈ ಕುಲಕ್ಕೆ ಶಾಸ್ತ್ರೀಯ ನಾಮವನ್ನಿತ್ತನು. ಗೆದ್ದಲಿಗೂ ಅಣಬೆಗೂ ನಂಟಿದೆಯೆಂಬುದನ್ನು ಹೆಸರಿನಲ್ಲಿಯೇ ಹೇಳಿದವರು ನಮ್ಮ ಅಜ್ಜಿಯಂದಿರು. ಇಷ್ಟಿದ್ದೂ ನಮ್ಮ ಪತ್ರಿಕೆಗಳ ಕನ್ನಡದಲ್ಲಿ ಅಣಬೆ ಬರುವುದು ಒಂದೇ ವೇಷದಲ್ಲಿ: ಸಂಘಗಳೂ ಅಂಗಡಿಗಳೂ ‘ನಾಯಿಕೊಡೆಗಳಂತೆ’ ಎದ್ದವೆಂಬ ತಾತ್ಸಾರದಲ್ಲಿ. ರಾತ್ರಿ ಬೆಳಗಾಗುವಷ್ಟರಲ್ಲಿ ಎದ್ದದ್ದು ಅಣಬೆಯ ಕೊಡೆ ಮಾತ್ರ. ಅದರ ಹಿಂದೆ ನೆಲದಡಿಯಲ್ಲಿ ಬಹುಕಾಲದ ಬೇಸಾಯವಿದೆ. ಈ ಉಪಮೆಯನ್ನು ಬಳಸುವವರು ಹುತ್ತವನ್ನು ಅಗೆದು ನೋಡಿದವರಲ್ಲವೆಂದೇ ನಮ್ಮ ಊಹೆ.

ಇಷ್ಟರಿಂದ ಜನಪದದ ಮಾತೆಲ್ಲ ಪ್ರಮಾಣವೆಂದು ನಾವು ವಾದಿಸುತ್ತಿರುವೆವೆಂದು ವಾಚಕರು ತಿಳಿಯಬಾರದು. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ಅಣಬೆ ಒಳ್ಳೆಯದು, ಅರಸಿನದ ಬಣ್ಣ ಮಾಸದಿದ್ದರೆ ಒಳ್ಳೆಯದು, ಹುಳು ತಿಂದದ್ದು ಒಳ್ಳೆಯದು ಎಂಬ ಪರೀಕ್ಷೆಗಳು ಪೂರ್ಣವಾಗಿ ಸುಳ್ಳು. ಜಾನಪದದ ಸಂಗ್ರಹಕಾರರು ಇಂಥವನ್ನು ಟಿಪ್ಪಣಿಯಿಲ್ಲದೆ ‘ಹಿರಿಯರ ವಿವೇಕ’ ಎಂದು ಅಚ್ಚುಹಾಕಿಸುವುದನ್ನು ನಾವು ಖಂಡಿಸಲೇಬೇಕು. ಅತ್ಯಂತ ಕ್ರೂರವಾದ ಅಣಬೆವಿಷವು ಬೇಯಿಸಿದರೂ ನಾಶವಾಗದು. ಉಂಡ ಆರು ಗಂಟೆಗೂ ಹೆಚ್ಚು ಹೊತ್ತು, ಕೆಲವೊಮ್ಮೆ ಇಡೀ ದಿನ, ಸುಮ್ಮನಿರುವುದು. ವಾಂತಿಭೇದಿಗಳ ಬಳಿಕ ರೋಗಿ ಚೇತರಿಸಿಕೊಂಡಂತೆ ಕಂಡು ಅನಂತರ ಯಕೃತ್ತು ಕೆಡುವುದು. ಹುಲ್ಲುಬಯಲಿನಲ್ಲಿ ಏಳುವ ಒಂದು ದೊಡ್ಡ ಬಿಳಿಯ ಅಣಬೆಯ ಕೊಡೆಯಡಿಯ ಪದರುಗಳು ಬಲಿತ ಮೇಲೆ ಹಸುರಾಗುತ್ತವೆ. ಎಳೆಯದರಲ್ಲಿ ಆ ಗುರುತೂ ಇರದು. ಅದೂ ವಿಷವೇ. ಹೆಸರನ್ನೂ ನೆಲೆಯನ್ನೂ ಬಲ್ಲವರು ಕೈಯಲ್ಲಿ ಹಿಡಿದು ತೋರಿಸಿದ್ದೊಂದೇ ನಂಬತಕ್ಕದ್ದು; ಅವರಿಗೂ ಸಂಶಯವುಳ್ಳದ್ದು ಗುಡ್ಡದಲ್ಲಿಯೇ ಇರಲಿ.

ಸೊಪ್ಪುಗಳ ವಿಷಯದಲ್ಲಿ ಗಡಿನಾಡಿನ ನಮಗೆ ಬೇರೊಂದು ತೊಡಕಿದೆ. 1956ರ ಬಳಿಕ ನಮ್ಮ ಮಕ್ಕಳು ಎರಡು ಭಾಷೆಗಳ ಹೆಸರುಗಳ ನಡುವೆ ಓದುತ್ತಿದ್ದಾರೆ. ಕನ್ನಡದಲ್ಲಿ ಬ್ರಾಹ್ಮಿಯೆಂದರೆ ಬಹುಮಂದಿಗೆ ಒಂದೆಲಗ, ತುಳುವಿನ ತಿಮರೆ. ಗೆಣ್ಣಿಗೊಂದು ದುಂಡನೆಯ ಎಲೆಯ ಬಳ್ಳಿ, ತಂಬುಳಿಗೆ ಹೇಳಿಮಾಡಿಸಿದ್ದು. ಮಲೆಯಾಳದಲ್ಲಿ ಬ್ರಹ್ಮಿಯೆಂದರೆ ನೀರ ಬದಿಯ ಬೇರೆಯೇ ಗಿಡ. ಎಲೆ ಸಣ್ಣದು, ದಪ್ಪ, ಜೋಡಿಜೋಡಿಯಾದುದು, ರುಚಿ ಕಹಿ. ಒಂದೆಲಗಕ್ಕೆ ಅಲ್ಲಿ ಮುತ್ತಿಳ್, ಕುಡಙ್ಙಲ್ ಎಂಬ ಹೆಸರುಗಳಿವೆ. ಹೀಗಿರುವಾಗ ಬ್ರಹ್ಮಿಯನ್ನು ಬ್ರಾಹ್ಮಿಯೆಂದು ಬರೆದವನು ಅನುವಾದ ಮಾಡಿದಂತಾಗಲಿಲ್ಲ. ಒಂದು ಗಿಡವನ್ನು ಕಿತ್ತು ಇನ್ನೊಂದನ್ನು ನೆಟ್ಟಂತಾಯಿತು. ಇಲ್ಲಿ ಹೋಗುವುದು ತಂಬುಳಿಯ ರುಚಿ ಮಾತ್ರ. ತಗತೆಯಲ್ಲಿ ನಷ್ಟ ಹೆಚ್ಚು. ತುಳುವಿನ ತಜಂಕ್, ಮಲೆಯಾಳದ ತಗರ, ನಮ್ಮ ತಗತೆ ಅಥವಾ ತಗಚೆ ಒಂದೇ ಗಿಡ; ಆಟಿ ತಿಂಗಳಲ್ಲಿ ಇದರ ಚಿಗುರಿನ ಪಲ್ಯ ಮಾಡದ ಮನೆ ಅಪರೂಪ. ಎಲೆಗೆ ಸಾಮಾನ್ಯವಾಗಿ ಮೂರು ಜೊತೆ ಕಿರುಎಲೆ, ತುದಿ ದುಂಡು. ನಾಲ್ಕು, ಐದು ಜೊತೆ ಚೂಪಾದ ಕಿರುಎಲೆಗಳ ಇನ್ನೊಂದು ತಗಚೆಯೂ ದಾರಿಬದಿಯಲ್ಲಿಯೇ ಬೆಳೆಯುತ್ತದೆ. ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲಿ ಮಕ್ಕಳು ಅದರ ಬೀಜ ತಿಂದು ಸತ್ತುದನ್ನು ಈ ಶತಮಾನದ ಮೊದಲ ದಶಕದಲ್ಲಿ ವೈದ್ಯರು ಕಂಡುಹಿಡಿದರು. ‘ತಗಚೆ: ಒಂದು ಜಾತಿಯ ಗಿಡ’ ಎಂಬಂಥ ಅರ್ಥದಿಂದ ಈ ಭೇದ ಯಾರಿಗೆ ತಿಳಿದೀತು?

1988ರಿಂದ 1997ರ ವರೆಗೆ ಉಡುಪಿಯಿಂದ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಪ್ರಾದೇಶಿಕ ರೂಪಗಳನ್ನು ಆದರದಿಂದ ಕೂಡಿಸಿತು. ಆ ಮಾದರಿ ನಮ್ಮ ಮುಂದಿದೆ. ಗಡಿನಾಡಿನ ಕನ್ನಡಕ್ಕೂ ಅಂಥ ಕೆಲಸ ಬೇಕು. ಮಾಡಬಲ್ಲವರು ಶಾಲೆಯ ಉಪಾಧ್ಯಾಯರೇ, ಏಕೆಂದರೆ ಮೂರು ಭಾಷೆಯ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುವುದು ಅವರೆದುರಿಗೆ. ಹೆಸರಿನ ಜೊತೆ ನೆಲೆ, ಋತು, ಹೋಲುವ ಕೆಟ್ಟ ಗಿಡ, ಅಡುಗೆಯ ಕ್ರಮ ಇವಿಷ್ಟನ್ನೂ ಬರೆಸಬೇಕು. ಕಳಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ಮೂರು ದಿನ ನೆನೆಸುವುದೂ ಮರಕೆಸುವಿಗೆ ಹುಳಿ ಸೇರಿಸುವುದೂ ರುಚಿಗೆ ಮಾತ್ರವೆಂದು ತಿಳಿದರೆ ತಪ್ಪು. ಮೊದಲನೆಯದು ವಿಷ ತೆಗೆಯುವ ಕ್ರಮ, ಎರಡನೆಯದು ತುರಿಕೆ ತಗ್ಗಿಸುವ ಕ್ರಮ.

ಹಾಗೆ ಬರೆಸುವಾಗ ಆಟಿ ಅಮಾವಾಸ್ಯೆಯ ಪಾಲೆಯ ಕಷಾಯವನ್ನು ಮರೆಯಬಾರದು. ಪಾಲೆಯೆಂದರೆ ಹಾಲುಳ್ಳ ಮರ. ಮಲೆಯಾಳದಲ್ಲಿ ಏಳಿಲಂಪಾಲ, ಕುಡಗಪ್ಪಾಲ, ದಂದಪ್ಪಾಲ ಎಂದು ಬೇರೆ ಬೇರೆ ಮರಗಳಿಗೆ ಆ ಹೆಸರು ಸಲ್ಲುತ್ತದೆ. ಕಷಾಯಕ್ಕೆ ಬೇಕಾದುದು ಏಳಿಲಂಪಾಲ, ನಮ್ಮ ಮದ್ದಾಲೆ ಮಾತ್ರ. ತೊಗಟೆ ತರುವುದು ಬೆಳಕು ಹರಿಯುವ ಮೊದಲು. ಊರ ಸುತ್ತ ಕಾಸರಕದ ಮರಗಳೂ ಇವೆ, ಅದರ ತೊಗಟೆ ಕೊಲ್ಲುವಂಥದು. ಆದುದರಿಂದಲೇ ಬಲ್ಲವರು ಹಿಂದಿನ ದಿನ ಹಗಲಿನಲ್ಲಿಯೇ ಹೋಗಿ ಪಾಲೆಯ ಮರವನ್ನು ಗುರುತಿಸಿ, ಅದಕ್ಕೊಂದು ನೂಲು ಕಟ್ಟಿ ಬರುತ್ತಾರೆ.