ಮುಗ್ಗರಿಸಿದ್ದು ಯಾರು?

ನಮ್ಮ ಬೀದಿಯ ಹೆಂಗಸರು ತಿಂಗಳಿಗೊಮ್ಮೆ ಸೇರಿ ಒಂದು ಸಿನಿಮಾದ ಬಗ್ಗೆ ಮಾತಾಡುತ್ತೇವೆ. ಕಳೆದ ಸಲ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ'. ಹಿಂದಿನ ರಾತ್ರಿ ಮನೆಯಲ್ಲಿ ನೋಡಿಕೊಂಡು ಹೋಗಿದ್ದ ನಾನು ದೊಡ್ಡ ವಿಮರ್ಶಕಿಯ ಹಾಗೆ, "ಕಥೆ ಕರುಳು ಹಿಂಡುತ್ತೆ, ಆದರೆ ಕ್ಯಾಮೆರಾ ಮುಗ್ಗರಿಸುತ್ತೆ" ಎಂದುಬಿಟ್ಟೆ. ಹರೆಯದಲ್ಲಿ ಅದನ್ನು ಥಿಯೇಟರಿನಲ್ಲಿ ನೋಡಿದ್ದ ಹಿರಿಯರೊಬ್ಬರು, "ಇಲ್ಲಮ್ಮ, ಹಾಗಿರಲಿಲ್ಲ" ಎಂದರು. "ಹಳೇ ನೆನಪಲ್ಲಿ ಎಲ್ಲಾ ಚೆಂದವೇ" ಎಂದೆ. ಉಳಿದವರು ನಕ್ಕರು. ಅವರು ಮತ್ತೆ ಬಾಯಿ ಬಿಡಲಿಲ್ಲ.

ಅದೇ ವಾರ ಒಂದು ಹೊಸ ಇಂಗ್ಲಿಷ್ ಚಿತ್ರ ಹಾಕಿದೆ. ಅಲ್ಲೂ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಹೊರಳಿದಾಗಲೆಲ್ಲ ಮರಗಿಡಗಳು ತಡೆತಡೆದು ಸರಿದವು. 1977ರಲ್ಲಿ 'ಘಟಶ್ರಾದ್ಧ'ವನ್ನು ಚಿತ್ರೀಕರಿಸಿದ ಎಸ್. ರಾಮಚಂದ್ರರ ಕೈನಡುಕ ಹಾಲಿವುಡ್ಡಿಗೂ ಅಂಟಿತೇ?

ಕೆದಕಿ ನೋಡಿದಾಗ ತಿಳಿದದ್ದು ಇಷ್ಟು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ. ಟಿ.ವಿ.ಗೆ ಸಿಕ್ಕಿಸಿದ ನಮ್ಮ ಪುಟ್ಟ ಪೆಟ್ಟಿಗೆಯೋ, ಏನೇ ಹಾಕಿದರೂ ಸೆಕೆಂಡಿಗೆ 60ರ ಲೆಕ್ಕದಲ್ಲೇ ಕಳಿಸುತ್ತದೆ. ಪಂಕ್ತಿಯಲ್ಲಿ 24 ಎಲೆ, ಬಡಿಸಬೇಕಾದ ಹೋಳಿಗೆ 60. ಮುರಿದು ಬಡಿಸುವಂತಿಲ್ಲ. ಒಂದೆಲೆಗೆ ಮೂರು, ಪಕ್ಕದೆಲೆಗೆ ಎರಡು! ಒಂದು ಫ್ರೇಮು ಹೆಚ್ಚು ಹೊತ್ತು ನಿಂತು, ಮುಂದಿನದು ಬೇಗ ಹೋಗುತ್ತದೆ. ಕಣ್ಣಿಗೆ ಅದೇ ಮುಗ್ಗರಿಕೆ. (ಹಿಂದೆ ನಮ್ಮ ಪಾಲ್ ಪದ್ಧತಿಯ ಟಿ.ವಿ.ಗಳ ಲೆಕ್ಕ 25. ಆ ಪದ್ಧತಿಯಲ್ಲಿ ಸಿನಿಮಾವನ್ನೇ ತುಸು ಬೇಗ ಓಡಿಸಿದರೆ ಸಾಕಿತ್ತು, ಎರಡು ಗಂಟೆಯ ಚಿತ್ರ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತಿತ್ತು. ಒಲೆ ಮೇಲೆ ಅನ್ನ ಇಟ್ಟು ಬಂದವರಿಗೆ ಅನುಕೂಲವೇ.)

ಮದ್ದು ಪೆಟ್ಟಿಗೆಯ ಸೆಟ್ಟಿಂಗಿನಲ್ಲೇ ಇದೆ. ಆಪಲ್ ಟಿ.ವಿ.ಯಲ್ಲಿ ಅದರ ಹೆಸರು 'ಮ್ಯಾಚ್ ಫ್ರೇಮ್ ರೇಟ್', ಫೈರ್ ಟಿ.ವಿ.ಯಲ್ಲಿ 'ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್'. ಅದನ್ನು ಒತ್ತಿದರೆ, ಒಪ್ಪುವ ಟಿ.ವಿ.ಯಾದರೆ, ಪರದೆ ಸಿನಿಮಾದ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ಬದಲಾಗುವಾಗ ಒಂದೆರಡು ಕ್ಷಣ ಕಪ್ಪಾಗುತ್ತದೆ, ಅಷ್ಟೇ.

ಅಷ್ಟಕ್ಕೇ ನಿಲ್ಲಲಿಲ್ಲ. ಮುಗ್ಗರಿಕೆಯೇನೋ ಹೋಯಿತು, ಆದರೆ ಯಮುನಕ್ಕ ಯಾವುದೋ ಧಾರಾವಾಹಿಯ ಸೊಸೆಯ ಹಾಗೆ ನುಣ್ಣಗೆ ಜಾರುತ್ತಿದ್ದಳು. ಇದು ಟಿ.ವಿ.ಯದೇ ಕಿತಾಪತಿ. ಎರಡು ಫ್ರೇಮುಗಳ ನಡುವೆ ತಾನೇ ಊಹಿಸಿಕೊಂಡ ಫ್ರೇಮುಗಳನ್ನು ತುರುಕುತ್ತದೆ. ಕ್ರಿಕೆಟ್ಟಿಗೆ ಬೇಕಾದರೆ ಇರಲಿ. 2018ರಲ್ಲಿ ಟಾಮ್ ಕ್ರೂಸ್ ಕ್ಯಾಮೆರಾ ಮುಂದೆ ನಿಂತು, ಇದನ್ನು ಆರಿಸಿ ಸಿನಿಮಾ ನೋಡಿ ಎಂದು ಜನರನ್ನು ಕೇಳಿಕೊಂಡಿದ್ದ. ಮರುವರ್ಷ ಘೋಷಣೆಯಾದ 'ಫಿಲ್ಮ್‌ಮೇಕರ್ ಮೋಡ್' ಎಂಬ ಗುಂಡಿ ಈಗ ಹಲವು ಟಿ.ವಿ.ಗಳಲ್ಲಿದೆ. ಹಾಳು ಕೆಲಸವನ್ನು ಮೊದಲೇ ಆನ್ ಮಾಡಿಟ್ಟು, ಸರಿಯಾದದ್ದನ್ನು ಮೆನುವಿನ ತಳದಲ್ಲಿ ಬಚ್ಚಿಡುವ ಈ ಪದ್ಧತಿ ನನಗೆ ಒಪ್ಪಿಗೆಯಿಲ್ಲ. 'ಘಟಶ್ರಾದ್ಧ'ದ ಪ್ರತಿಯನ್ನು ಜತನದಿಂದ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಷ್ಟು ಜತನದ ಮೇಲೆ ನಮ್ಮ ಪಡಸಾಲೆಯ ಯಂತ್ರ ತನ್ನದೊಂದು ತಿದ್ದುಪಡಿ ಬರೆಯುತ್ತದೆ!

ಎರಡನ್ನೂ ಸರಿಮಾಡಿ ಮತ್ತೆ ನೋಡಿದೆ. ಆ ಕಪ್ಪುಬಿಳುಪಿನಲ್ಲಿ ಬಾಲಕ ನಾಣಿಯ ನೋಟ, ಯಮುನಕ್ಕನ ಮೌನ ತಮ್ಮದೇ ಲಯದಲ್ಲಿ ಬಂದವು. ತೊದಲು ಎಂದು ನಾನು ಹೆಸರಿಟ್ಟ ಜಾಗಗಳಲ್ಲಿ ಯಾವ ತೊದಲೂ ಇರಲಿಲ್ಲ.

ಮರುದಿನ ಆ ಹಿರಿಯರ ಮನೆಗೆ ಹೋಗಿ ತಪ್ಪೊಪ್ಪಿಕೊಂಡು, ಸಂಜೆ ನಮ್ಮಲ್ಲಿಗೆ ಬರಬೇಕೆಂದು ಕರೆದೆ. ಬಂದರು. ಕಾಫಿ ಕೊಟ್ಟು ಚಿತ್ರ ಹಾಕಿದೆ. ಪರದೆ ಫಕ್ಕನೆ ಕಪ್ಪಾಯಿತು.

"ಅಯ್ಯೋ, ಕರೆಂಟು ಹೋಯ್ತಾ?" ಎಂದರು.